ಗಣಕಯಂತ್ರದ ಪವರ್ ಸಪ್ಲೈ: ಅದನ್ನು ಆರಿಸುವ ಬಗೆ

ಅಡಕೆ ತೋಟವುಳ್ಳ ಮನೆಯ ಮಕ್ಕಳಿಗೆ ಪಂಪಿನ ವಿಚಾರವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಪಂಪು ಎಷ್ಟು ಅಶ್ವಶಕ್ತಿಯದು, ಅದು ಒಮ್ಮೆಗೆ ಎಷ್ಟು ಸ್ಪ್ರಿಂಕ್ಲರುಗಳನ್ನು ತಿರುಗಿಸಬಲ್ಲುದು, ಎರಡು ಸಾಲುಗಳ ಬದಲು ನಾಲ್ಕು ಸಾಲುಗಳಿಗೆ ನೀರು ಬಿಟ್ಟರೆ ಮೇಲಿನ ತಟ್ಟಿನ ಮರಗಳು ಹೇಗೆ ಒಣಗಿ ನಿಲ್ಲುವುವು ಎಂಬುದನ್ನೆಲ್ಲ ಅವರು ಕಣ್ಣಾರೆ ಕಂಡು ಬಲ್ಲರು. ತೋಟಕ್ಕೆ ಹೊಸ ಭಾಗವೊಂದನ್ನು ಸೇರಿಸುವಾಗ ಹಳೆಯ ಪಂಪು ಸಾಕಾಗುವುದೋ ಇಲ್ಲವೋ ಎಂದು ಮನೆಯ ಹಿರಿಯರು ಲೆಕ್ಕ ಹಾಕದೆ ಇರುವುದಿಲ್ಲ. ಅದೇ ಹಿರಿಯರು ಮಗನಿಗೋ ಮಗಳಿಗೋ ಹಳೆಯ ಕಂಪ್ಯೂಟರಿನಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡೊಂದನ್ನು ಹಾಕಿಸಿಕೊಡುವಾಗ ಮಾತ್ರ ಆ ಲೆಕ್ಕವನ್ನು ಸಂಪೂರ್ಣವಾಗಿ ಮರೆತುಬಿಡುತ್ತಾರೆ. ಹಾಗೆ ಮರೆತವರಲ್ಲಿ ನಾವೂ ಒಬ್ಬರು. ಆ ಮರೆವಿನಿಂದ ನಮ್ಮ ಮನೆಯಲ್ಲಿ ಆದ ನಷ್ಟವನ್ನು ಮುಂದೆ ಹೇಳಲಿರುವೆವು. ಅದಕ್ಕೆ ಮೊದಲು ಈ ಪವರ್ ಸಪ್ಲೈ ಎಂಬುದು ಏನು, ಅದರ ಕೆಲಸವೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಕಂಪ್ಯೂಟರಿನ ದೊಡ್ಡ ಪೆಟ್ಟಿಗೆಯನ್ನು ನಮ್ಮ ಕಡೆಯಲ್ಲಿ ಎಲ್ಲರೂ 'ಸಿಪಿಯು' ಎನ್ನುತ್ತಾರೆ. ನಿಜವಾಗಿ ಸಿಪಿಯು ಎಂದರೆ ಅದರೊಳಗೆ ಬೆಂಕಿಪೆಟ್ಟಿಗೆಯಷ್ಟು ಅಗಲವಾಗಿರುವ ಪ್ರೊಸೆಸರು ಮಾತ್ರ; ಆದರೂ ರೂಢಿಯ ಮಾತನ್ನು ತಿದ್ದುವುದು ಕಷ್ಟ. ಆ ಪೆಟ್ಟಿಗೆಯ ಹಿಂಬದಿಯಲ್ಲಿ ಗೋಡೆಯ ಪ್ಲಗ್ಗಿನಿಂದ ಬಂದ ದಪ್ಪ ತಂತಿಯು ಸೇರುವ ಸ್ಥಳವೊಂದಿದೆ. ಅಲ್ಲಿ ಒಳಗಡೆ ಇಟ್ಟಿಗೆಯಾಕಾರದ ಲೋಹದ ಡಬ್ಬಿಯೊಂದಿರುವುದು. ಅದಕ್ಕೊಂದು ಫ್ಯಾನು, ಅದರಿಂದ ಹೊರಟ ಬಣ್ಣಬಣ್ಣದ ತಂತಿಗಳ ಕಟ್ಟು. ಇದೇ ಪವರ್ ಸಪ್ಲೈ. ಅಂಗಡಿಯವರು ಇದನ್ನು 'ಎಸ್‌ಎಂಪಿಎಸ್' ಎಂದು ಕರೆಯುತ್ತಾರೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಸೆಕೆಂಡಿಗೆ 50 ಆವರ್ತನೆಗಳಂತೆ ದಿಕ್ಕನ್ನು ಬದಲಿಸುತ್ತಿರುವ ಪರ್ಯಾಯ ಪ್ರವಾಹ. ಕಂಪ್ಯೂಟರಿನ ಸೂಕ್ಷ್ಮಾಂಗಗಳಿಗಾದರೋ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ 12, 5 ಮತ್ತು 3.3 ವೋಲ್ಟುಗಳ ಪ್ರವಾಹ. ಈ ಪರಿವರ್ತನೆಯನ್ನು ಮಾಡುವುದೇ ಡಬ್ಬಿಯ ಕೆಲಸ. ಹಿಂದಿನ ಕಾಲದ ರೇಡಿಯೋಗಳಲ್ಲಿ ಇದಕ್ಕಾಗಿ ಕಬ್ಬಿಣದ ಭಾರವಾದ ಟ್ರಾನ್ಸ್‌ಫಾರ್ಮರನ್ನು ಇಡುತ್ತಿದ್ದರು. ಎಸ್‌ಎಂಪಿಎಸ್‌ನಲ್ಲಿ ಉಪಾಯವು ಬೇರೆ. ಬಂದ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ಏಕಮುಖ ಪ್ರವಾಹವನ್ನಾಗಿ ಮಾಡಿ, ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುತ್ತ ಚಿಕ್ಕ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸುತ್ತಾರೆ. ಆವರ್ತನೆ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾಗಿದ್ದರೆ ಸಾಕು. 1977ರಲ್ಲಿ ಬಂದ ಆಪಲ್ 2 ಎಂಬ ಗಣಕದಲ್ಲಿ ಇಂಥದೇ ಡಬ್ಬಿಯಿತ್ತು. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನ ಡಬ್ಬಿಯ ಸಾಮರ್ಥ್ಯವು ಕೇವಲ 63.5 ವ್ಯಾಟು, ಎಂದರೆ ಹಳೆಯ ಕಾಲದ 60 ವ್ಯಾಟಿನ ಒಂದು ಬಲ್ಬಿಗೆ ಬೇಕಾಗುವುದಕ್ಕಿಂತ ತುಸು ಹೆಚ್ಚು. ಇಂದು ಒಂದೊಂದು ಗ್ರಾಫಿಕ್ಸ್ ಕಾರ್ಡೇ 450 ವ್ಯಾಟನ್ನು ಬೇಡುವುದುಂಟು.

ವೋಲ್ಟು, ಆಂಪಿಯರ್, ವ್ಯಾಟು ಎಂಬ ಮೂರು ಮಾತುಗಳನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳು ಪಾಠದಲ್ಲಿ ಓದಿಯೇ ಇರುವರು. ತಂದೆತಾಯಿಗಳಿಗಾಗಿ ಪಂಪಿನ ದೃಷ್ಟಾಂತವನ್ನೇ ಮುಂದುವರಿಸುವುದಾದರೆ, ವೋಲ್ಟು ಎಂಬುದು ಪೈಪಿನೊಳಗಿನ ನೀರಿನ ಒತ್ತಡ. ಆಂಪಿಯರ್ ಎಂಬುದು ಹರಿಯುವ ನೀರಿನ ಪ್ರಮಾಣ. ಇವೆರಡನ್ನೂ ಗುಣಿಸಿದರೆ ಬರುವುದು ವ್ಯಾಟು, ಅಂದರೆ ನಡೆಯುವ ಕೆಲಸದ ವೇಗ. 12 ವೋಲ್ಟಿನಲ್ಲಿ 10 ಆಂಪಿಯರ್ ಹರಿದರೆ 120 ವ್ಯಾಟು. ಈ ಲೇಖನದಲ್ಲಿ ಬರುವ ಗಣಿತವೆಲ್ಲ ಇಷ್ಟೇ.

ಆ ಡಬ್ಬಿಯಿಂದ ಹೊರಟ ತಂತಿಗಳಲ್ಲಿ ಹಳದಿಯದು 12 ವೋಲ್ಟು, ಕೆಂಪಿನದು 5, ಕಿತ್ತಳೆಯದು 3.3, ಕಪ್ಪೆಲ್ಲವೂ ಪ್ರವಾಹವು ಹಿಂತಿರುಗುವ ದಾರಿ. ಇತ್ತೀಚಿನ ಡಬ್ಬಿಗಳಲ್ಲಿ ಅಂದಕ್ಕಾಗಿ ಎಲ್ಲ ತಂತಿಗಳನ್ನೂ ಕಪ್ಪಾಗಿಯೇ ಮಾಡುತ್ತಾರೆ. ಕಲಿಯುವವರಿಗೆ ಇದರಿಂದ ಅನನುಕೂಲವೇ ಆಗಿದೆ. ಈ ಮೂರರಲ್ಲಿ ಇಂದು ಮುಖ್ಯವಾದುದು ಹಳದಿ, ಅಂದರೆ 12 ವೋಲ್ಟಿನ ಸಾಲು. ಹಿಂದೆ ಹಾಗಿರಲಿಲ್ಲ. 1995ರಲ್ಲಿ ಇಂಟೆಲ್ ಕಂಪನಿಯು ಎಟಿಎಕ್ಸ್ ಎಂಬ ಮಾದರಿಯನ್ನು ಗೊತ್ತುಪಡಿಸಿದಾಗ ಪ್ರೊಸೆಸರಿಗೆ ಬೇಕಾದ ಶಕ್ತಿಯು 5 ಮತ್ತು 3.3 ವೋಲ್ಟಿನ ಸಾಲುಗಳಿಂದಲೇ ದೊರೆಯುತ್ತಿತ್ತು. ಪ್ರೊಸೆಸರುಗಳ ಹಸಿವು ಹೆಚ್ಚಿದಂತೆ ಆ ತಂತಿಗಳು ಸಾಲದಾದುವು. 2000ದಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರಿಗೆಂದೇ 12 ವೋಲ್ಟಿನ ನಾಲ್ಕು ಪಿನ್ನುಗಳ ಬೇರೆ ಕನೆಕ್ಟರೊಂದನ್ನು ಸೇರಿಸಿದರು.

ಇದಕ್ಕೆ ಕಾರಣವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಮಾಡಿ ನೋಡಬಹುದು. 84 ವ್ಯಾಟನ್ನು 5 ವೋಲ್ಟಿನಲ್ಲಿ ಸಾಗಿಸಲು 16.8 ಆಂಪಿಯರ್ ಬೇಕು; 12 ವೋಲ್ಟಿನಲ್ಲಾದರೆ 7 ಆಂಪಿಯರ್ ಸಾಕು. ತಂತಿಯು ಕಾಯುವುದು ಪ್ರವಾಹದ ವರ್ಗಕ್ಕೆ ಅನುಸಾರವಾಗಿ. ಆದುದರಿಂದ ಅದೇ ತಂತಿಯಲ್ಲಿ ಮೊದಲಿನ ಕ್ರಮದಿಂದ ಹುಟ್ಟುವ ಶಾಖವು ಎರಡನೆಯದರ ಐದೂಮುಕ್ಕಾಲು ಪಟ್ಟು. ಹೀಗಾಗಿ ಈಗ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಮ್ಮ ಆಹಾರದ ಬಹುಭಾಗವನ್ನು 12 ವೋಲ್ಟಿನ ಸಾಲಿನಿಂದಲೇ ಪಡೆಯುತ್ತವೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಸಂಗತಿಯನ್ನು ಓದಬೇಕು.

ನಮ್ಮ ಸೋದರಳಿಯನೊಬ್ಬನು 2023ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದನು. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ 'ಲಿಟಲ್ ಕೈಟ್ಸ್' ಕೂಟದಲ್ಲಿ ಅವನೂ ಸದಸ್ಯ. ಅಲ್ಲಿ ಅನಿಮೇಷನ್ನಿನ ರುಚಿ ಹತ್ತಿ, ಮನೆಯಲ್ಲಿ ಬ್ಲೆಂಡರ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ತೋಟದ ಬಾವಿಯಲ್ಲಿ ಸಿಕ್ಕಿಕೊಂಡ ಆಮೆಯೊಂದು ಮೇಲಕ್ಕೆ ಬರುವ ಕಥೆಯನ್ನು ಮೂರು ನಿಮಿಷದ ಚಿತ್ರವಾಗಿ ಮಾಡತೊಡಗಿದನು. ಮನೆಯಲ್ಲಿದ್ದುದು ಕಚೇರಿಯೊಂದರಿಂದ ಹಳೆಯದಾಗಿ ಕೊಂಡ ಗಣಕ. ಅದರಲ್ಲಿ 2013ರ ಕೋರ್ ಐ5-4570 ಪ್ರೊಸೆಸರು. ಚಿತ್ರದ ಒಂದೊಂದು ಚೌಕಟ್ಟು ಸಿದ್ಧವಾಗಲು ಹಲವು ನಿಮಿಷಗಳು ಬೇಕಾಗುತ್ತಿದ್ದುವು. ಅಡಕೆ ಮಾರಿದ ಹಣದಲ್ಲಿ ಅವನ ತಂದೆಯವರು ಆರ್‌ಟಿಎಕ್ಸ್ 3050 ಎಂಬ ಕಾರ್ಡನ್ನು ಕೊಡಿಸಲು ಒಪ್ಪಿದರು. ಹಳೆಯ ಡಬ್ಬಿಯಲ್ಲಿ ಆ ಕಾರ್ಡಿಗೆ ಬೇಕಾದ ಎಂಟು ಪಿನ್ನುಗಳ ತಂತಿ ಇಲ್ಲದಿದ್ದುದರಿಂದ ಹೊಸ ಪವರ್ ಸಪ್ಲೈ ತರುವ ಹೊಣೆಯು ನಮ್ಮ ಪಾಲಿಗೆ ಬಂತು; ಅಷ್ಟಿಷ್ಟು ವಿಜ್ಞಾನ ಬಲ್ಲವರೆಂಬ ಹೆಸರು ನಮಗಿತ್ತಷ್ಟೆ!

ಪೇಟೆಯ ಅಂಗಡಿಯೊಂದಕ್ಕೆ ಹೋಗಿ ಕೇಳಿದೆವು. ಅಂಗಡಿಯಾತನು ಎರಡು ಡಬ್ಬಿಗಳನ್ನು ತೋರಿಸಿದನು. ಎರಡರ ಮೇಲೂ '450' ಎಂದು ದೊಡ್ಡದಾಗಿ ಅಚ್ಚಾಗಿತ್ತು. ಒಂದರ ಬೆಲೆ ಮತ್ತೊಂದರ ಮೂರನೆಯ ಒಂದು ಪಾಲು. "ಎರಡೂ ನಾನ್ನೂರ ಐವತ್ತು ವ್ಯಾಟೇ ಸಾರ್, ಕಂಪನಿಯ ಹೆಸರಿಗೆ ದುಡ್ಡು ಯಾಕೆ ಕೊಡುತ್ತೀರಿ?" ಎಂದನು. ನಮಗೂ ಅದು ಬುದ್ಧಿವಂತಿಕೆಯ ಮಾತಾಗಿಯೇ ತೋರಿತು. ಅಗ್ಗದ ಡಬ್ಬಿಯಲ್ಲಿಯೂ ಎಂಟು ಪಿನ್ನಿನ ತಂತಿ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಹೋಗುವ ತಂತಿಯಿಂದ ಅದನ್ನು ಹೊರಡಿಸುವ ಅಡಾಪ್ಟರೊಂದನ್ನು ಆತನೇ ಕೊಟ್ಟನು. ಉಳಿಸಿದ ಹಣವನ್ನು ಅಕ್ಕನ ಕೈಯಲ್ಲಿಟ್ಟು ಶಹಬ್ಬಾಸ್‌ಗಿರಿ ಪಡೆದೆವು.

ಎರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ಸಂಜೆ ಹುಡುಗನು ಇಡೀ ಚಿತ್ರವನ್ನು ಒಟ್ಟಾಗಿ ಸಿದ್ಧಪಡಿಸಲು ಕೊಟ್ಟನು. ಕಾರ್ಡು ಪೂರ್ಣ ಬಲದಿಂದ ದುಡಿಯತೊಡಗಿ ಹತ್ತು ನಿಮಿಷವಾಗಿರಬಹುದು. ಪರದೆಯು ಕಪ್ಪಾಯಿತು, ಕೋಣೆಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಹರಡಿತು. ಅಡಾಪ್ಟರು ಕರಗಿತ್ತು. ಮದರ್‌ಬೋರ್ಡೂ ಹಾರ್ಡ್ ಡಿಸ್ಕೂ ಮತ್ತೆ ಏಳಲಿಲ್ಲ. ಡಿಸ್ಕಿನೊಂದಿಗೆ ಐದು ತಿಂಗಳ ಕೆಲಸವೂ ಹೋಯಿತು. ಮನೆಯವರೆಲ್ಲ ಹುಡುಗನ ಮೇಲೆಯೇ ಬಿದ್ದರು. "ಎಲ್ಲಿಯೋ ಏನೋ ಒತ್ತಿರಬೇಕು", "ರಾತ್ರಿ ಹಗಲು ಅದರ ಮುಂದೆಯೇ ಕುಳಿತರೆ ಸುಡದೆ ಇರುತ್ತದೆಯೇ?" ಎಂದು ಬೈದರು. ನಾಚಿಕೆಯಿಂದ ಹೇಳಬೇಕಾಗಿದೆ, ನಾವೂ ಬೈದೆವು. ಅವನು ಉತ್ತರ ಕೊಡಲಿಲ್ಲ.

ವಾರದ ಮೇಲೆ ರಿಪೇರಿಯವರಲ್ಲಿಗೆ ಹೋದಾಗ ಅವರು ಡಬ್ಬಿಯನ್ನು ತಿರುಗಿಸಿ ಅದರ ಪಕ್ಕದಲ್ಲಿದ್ದ ಚೀಟಿಯನ್ನು ತೋರಿಸಿದರು. ಕೊಳ್ಳುವ ದಿನವೂ ಆ ಚೀಟಿಯು ಅಲ್ಲಿಯೇ ಇತ್ತು, ನಾವು ಓದಿರಲಿಲ್ಲ. ಅದರಲ್ಲಿ ಹೀಗಿತ್ತು: 3.3 ವೋಲ್ಟಿಗೆ 14 ಆಂಪಿಯರ್, 5 ವೋಲ್ಟಿಗೆ 25, 12 ವೋಲ್ಟಿಗೆ 16. ಋಣ 12 ವೋಲ್ಟಿಗೆ ಅರ್ಧ, ಗಣಕವು ನಿದ್ರಿಸುವಾಗಲೂ ಇರುವ 5 ವೋಲ್ಟಿಗೆ 2. ಕ್ರಮವಾಗಿ ಗುಣಿಸಿದರೆ 46.2, 125, 192, 6 ಮತ್ತು 10 ವ್ಯಾಟುಗಳು. ಕೂಡಿಸಿದರೆ 379.2. ಮುಖದ ಮೇಲಿನ 450 ಎಂಬ ಅಂಕೆಯು ಅದೇ ಡಬ್ಬಿಯ ಪಕ್ಕದ ಚೀಟಿಯಿಂದಲೇ ಸುಳ್ಳಾಯಿತು. ಅದಕ್ಕಿಂತಲೂ ಮುಖ್ಯವಾದ ಸಂಗತಿಯೆಂದರೆ, ಕಾರ್ಡಿಗೂ ಪ್ರೊಸೆಸರಿಗೂ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಇದ್ದುದು 192 ವ್ಯಾಟು ಮಾತ್ರ. ಉಳಿದುದು 5 ವೋಲ್ಟಿನ ಕಡೆಗೆ, ಎಂದರೆ ಇಂದು ಯಾರೂ ಹೆಚ್ಚಾಗಿ ಕುಡಿಯದ ಪೈಪಿಗೆ ಸೇರಿತ್ತು. ಡಬ್ಬಿ ಹೊಸದಾದರೂ ಅದರ ಕಟ್ಟಡವು 2000ಕ್ಕೆ ಹಿಂದಿನದು.

ನಮಗೆ ಬೇಕಾಗಿದ್ದುದು ಎಷ್ಟು? ಐ5-4570 ಪ್ರೊಸೆಸರಿಗೆ 84 ವ್ಯಾಟು ಎಂದು ತಯಾರಕರೇ ಹೇಳಿರುವರು. ನಾವು ತಂದ 8 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ 130. ಡಿಸ್ಕಿನ ಮೋಟಾರು ಮತ್ತು ಫ್ಯಾನುಗಳಿಗೆ 20 ಎಂದಿಟ್ಟುಕೊಳ್ಳೋಣ. ಮೊತ್ತ 234 ವ್ಯಾಟು. 12ರಿಂದ ಭಾಗಿಸಿದರೆ 19.5 ಆಂಪಿಯರ್. ಹದಿನಾರು ಆಂಪಿಯರಿನ ಸಾಲಿನಿಂದ ಹತ್ತೊಂಬತ್ತೂವರೆ ಆಂಪಿಯರನ್ನು ಸೆಳೆಯುತ್ತಿದ್ದೆವು. ಒಳ್ಳೆಯ ಡಬ್ಬಿಯಾಗಿದ್ದರೆ ಮಿತಿ ಮೀರಿದೊಡನೆ ತಾನೇ ಆರಿಹೋಗಿ ಎಲ್ಲವನ್ನೂ ಉಳಿಸುತ್ತಿತ್ತು. ಅಂಥ ರಕ್ಷಣೆಯ ಏರ್ಪಾಡು ಅದರಲ್ಲಿ ಇರಲಿಲ್ಲ. ಮನೆಗೆ ಬಂದು ಹುಡುಗನನ್ನು ಕರೆದು ಚೀಟಿಯನ್ನು ತೋರಿಸಿ, ತಪ್ಪು ನಮ್ಮದೆಂದು ಎಲ್ಲರೆದುರು ಹೇಳಿದೆವು. "ಇರಲಿ ಮಾವ, ಆಮೆಯನ್ನು ಇನ್ನೊಮ್ಮೆ ಮಾಡಬಹುದು" ಎಂದು ಅವನು ಹೇಳಿದಾಗ ನಮಗೆ ಆದ ಸಂಕಟವನ್ನು ಇಲ್ಲಿ ಬರೆಯುವುದಿಲ್ಲ.

ಹೀಗಿರಲು, ಕೊಳ್ಳುವವರು ಮೊದಲು ನೋಡತಕ್ಕುದು ಡಬ್ಬಿಯ ಮುಖದ ಅಂಕೆಯನ್ನಲ್ಲ, ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಕೆಳಗೆ ಬರೆದಿರುವ ಆಂಪಿಯರನ್ನು. ಅದನ್ನು 12ರಿಂದ ಗುಣಿಸಿದಾಗ ಬರುವ ಮೊತ್ತವು ಮುಖದ ಅಂಕೆಗೆ ತೀರ ಸಮೀಪವಾಗಿದ್ದರೆ ಅದು ಈ ಕಾಲದ ಕಟ್ಟಡ. ಉದಾಹರಣೆಗೆ, 36 ಆಂಪಿಯರ್ ಇರುವ 450 ವ್ಯಾಟಿನ ಡಬ್ಬಿಯಲ್ಲಿ 12 ವೋಲ್ಟಿನ ಸಾಲೊಂದೇ 432 ವ್ಯಾಟು ಕೊಡುವುದು. 45 ಆಂಪಿಯರ್ ಇರುವ 550 ವ್ಯಾಟಿನದರಲ್ಲಿ 540. ಕೆಲವು ಚೀಟಿಗಳಲ್ಲಿ 12 ವೋಲ್ಟನ್ನು ಎರಡು ಸಾಲುಗಳಾಗಿ ಒಡೆದು ತೋರಿಸಿರುತ್ತಾರೆ. ಆಗ ಎರಡರ ಆಂಪಿಯರುಗಳನ್ನು ಸುಮ್ಮನೆ ಕೂಡಿಸಬಾರದು, ಅವುಗಳ ಕೆಳಗೆ ಒಟ್ಟು ಮಿತಿಯೆಂದು ಕೊಟ್ಟಿರುವ ವ್ಯಾಟನ್ನು ಓದಬೇಕು.

ಬೇಕಾದುದಕ್ಕಿಂತ ಎಷ್ಟು ಹೆಚ್ಚಿನದನ್ನು ಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ಕಾರ್ಡಿನ ತಯಾರಕರು ಆರ್‌ಟಿಎಕ್ಸ್ 3050ಕ್ಕೆ 550 ವ್ಯಾಟಿನ ಪವರ್ ಸಪ್ಲೈಯನ್ನು ಹೇಳುತ್ತಾರೆ. ನಮ್ಮ ಲೆಕ್ಕಕ್ಕೆ 3.3 ಮತ್ತು 5 ವೋಲ್ಟಿನ ಖರ್ಚನ್ನೂ ಸೇರಿಸಿದರೆ 265 ವ್ಯಾಟಿನ ಸುಮಾರು. ಹಾಗಾದರೆ ಇವರು ಇಮ್ಮಡಿ ಏಕೆ ಹೇಳಿದರು? ಕೊಳ್ಳುವವನ ಪ್ರೊಸೆಸರು ನಮ್ಮದಕ್ಕಿಂತ ದೊಡ್ಡದಾಗಿರಬಹುದು. ಅವನ ಡಬ್ಬಿಯು ಹೇಳಿದಷ್ಟು ಕೊಡದೆ ಇರಬಹುದು. ಅಲ್ಲದೆ ಕಾರ್ಡುಗಳು ಸರಾಸರಿಯಲ್ಲಿ 130 ವ್ಯಾಟು ಬೇಡಿದರೂ ಸೆಕೆಂಡಿನ ಸಾವಿರದೊಂದು ಭಾಗದಷ್ಟು ಹೊತ್ತು ಅದಕ್ಕಿಂತ ಬಹಳ ಹೆಚ್ಚನ್ನು ಎಳೆಯುವುದುಂಟು. ಪಂಪು ತಿರುಗತೊಡಗುವ ಕ್ಷಣದಲ್ಲಿ ಮನೆಯ ದೀಪಗಳು ಕುಂದುವುದನ್ನು ಕಂಡವರಿಗೆ ಇದು ಹೊಸತಲ್ಲ. ಇದಕ್ಕಾಗಿಯೇ 2022ರ ಎಟಿಎಕ್ಸ್ 3.0 ನಿಯಮದಲ್ಲಿ ಅಂಥ ಕ್ಷಣಿಕ ಸೆಳೆತಗಳನ್ನು ಡಬ್ಬಿಯು ತಾಳಬೇಕೆಂದು ಬರೆದರು. ಒಟ್ಟಿನಲ್ಲಿ, ಲೆಕ್ಕಕ್ಕೆ ಬಂದುದರ ಒಂದೂವರೆಯಿಂದ ಎರಡು ಪಟ್ಟು ಕೊಂಡರೆ ಸಾಕು. ಅದಕ್ಕೂ ಮೇಲೆ ಹೋಗುವುದು ದುಂದು. ಸಾವಿರ ವ್ಯಾಟಿನದನ್ನು ತಂದು ಹೆಮ್ಮೆಪಡುವ ತರುಣರು ಆ ಹಣದಲ್ಲಿ ಇನ್ನಷ್ಟು ರ‍್ಯಾಮನ್ನು ಕೊಂಡರೆ ಪ್ರಯೋಜನವಾದೀತು.

ಇದಕ್ಕೆ ಹೋಲಿಸಲು ಹೊಸ ಗಣಕವೊಂದರ ಲೆಕ್ಕವನ್ನೂ ನೋಡೋಣ. ಕೋರ್ ಐ5-12400 ಪ್ರೊಸೆಸರಿನ ಮೇಲೆ 65 ವ್ಯಾಟು ಎಂದು ಬರೆದಿದ್ದರೂ ಪೂರ್ಣ ವೇಗದಲ್ಲಿ ಅದು 117ರವರೆಗೆ ಏರುವುದು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಎರಡನೆಯ ಅಂಕೆಯನ್ನೇ. ಅದರೊಡನೆ 170 ವ್ಯಾಟಿನ ಆರ್‌ಟಿಎಕ್ಸ್ 3060 ಕಾರ್ಡು, ಉಳಿದೆಲ್ಲಕ್ಕೂ 60. ಮೊತ್ತ 347. ಇಲ್ಲಿಯೂ ಒಳ್ಳೆಯ 550 ವ್ಯಾಟಿನ ಡಬ್ಬಿಯೇ ಸಾಕು. ಇನ್ನು, ಹಣಕ್ಕೆ ಇಕ್ಕಟ್ಟಿರುವ ಮನೆಯವರಿಗೆ ಬೇರೊಂದು ದಾರಿಯುಂಟು. ಮದರ್‌ಬೋರ್ಡಿನಲ್ಲಿ ಕಾರ್ಡನ್ನು ಸಿಕ್ಕಿಸುವ ಸೀಳಿನಿಂದಲೇ 75 ವ್ಯಾಟಿನವರೆಗೆ ದೊರೆಯುವುದು. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡಿಗೆ 70 ವ್ಯಾಟು ಸಾಕಾದುದರಿಂದ ಬೇರೆ ತಂತಿಯನ್ನೇ ಅದು ಬೇಡುವುದಿಲ್ಲ. ಅಂಥದನ್ನು ಆರಿಸಿದರೆ ಕಂಪನಿಯ ಹಳೆಯ ಡಬ್ಬಿಯನ್ನೇ, ಅದರ ಚೀಟಿಯನ್ನು ಓದಿ, ಉಳಿಸಿಕೊಳ್ಳಬಹುದಾಗಿದೆ.

ಹೆಚ್ಚಿನ ವ್ಯಾಟಿನದನ್ನು ತಂದರೆ ಕರೆಂಟು ಬಿಲ್ಲು ಏರುವುದೆಂಬ ಭಯವು ಅನೇಕ ತಂದೆತಾಯಿಗಳಲ್ಲಿದೆ. ಇದು ತಪ್ಪು ತಿಳಿವಳಿಕೆ. ಐದು ಅಶ್ವಶಕ್ತಿಯ ಪಂಪಿನಂತೆ ಇದು ಚಾಲೂ ಮಾಡಿದೊಡನೆ ತನ್ನ ಪೂರ್ತಿ ಪಾಲನ್ನು ನುಂಗುವ ವಸ್ತುವಲ್ಲ. ಗಣಕವು ಕೇಳಿದಷ್ಟನ್ನೇ ಕೊಡುವುದು. 550 ಎಂಬುದು ಕೊಡಬಲ್ಲ ಮಿತಿ. ಗೋಡೆಯಿಂದ ಎಷ್ಟನ್ನು ಪಡೆಯುವುದೆಂಬುದು ಅದರ ದಕ್ಷತೆಯನ್ನು ಅವಲಂಬಿಸಿದೆ. ನೂರಕ್ಕೆ 85ರ ದಕ್ಷತೆಯ ಡಬ್ಬಿಯು 265 ವ್ಯಾಟನ್ನು ಕೊಡಲು ಗೋಡೆಯಿಂದ ಸುಮಾರು 312 ವ್ಯಾಟನ್ನು ಪಡೆಯುವುದು. ಉಳಿದ 47 ವ್ಯಾಟು ಶಾಖವಾಗಿ ಹೋಗುವುದು. ಪೂರ್ಣ ಭಾರದಲ್ಲಿ ಮೂರು ಗಂಟೆ ನಡೆದರೂ ಒಂದು ಯೂನಿಟ್ಟಿನೊಳಗೆಯೇ ಮುಗಿಯಿತು. ಪದ್ಯವನ್ನು ಬೆರಳಚ್ಚು ಮಾಡುತ್ತಲೋ ಪಾಠವನ್ನು ಓದುತ್ತಲೋ ಇರುವಾಗ ಅದರ ಕಾಲು ಭಾಗವೂ ಬೇಕಾಗದು.

ದಕ್ಷತೆಯ ಗುರುತಾಗಿ ಡಬ್ಬಿಗಳ ಮೇಲೆ '80 ಪ್ಲಸ್' ಎಂಬ ಮುದ್ರೆಯಿರುತ್ತದೆ. ಇದು 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಪದ್ಧತಿ. ಅಲ್ಲಿನ 115 ವೋಲ್ಟಿನ ಪರೀಕ್ಷೆಯಲ್ಲಿ, ಅರ್ಧ ಭಾರದಲ್ಲಿ, ಕಂಚಿನ ದರ್ಜೆಯದು ನೂರಕ್ಕೆ 85, ಚಿನ್ನದ ದರ್ಜೆಯದು 90 ದಕ್ಷತೆಯನ್ನು ತೋರಬೇಕು. ಮುದ್ರೆಯಿದ್ದರೆ ಒಳ್ಳೆಯದು. ಆದರೆ ಅದು ದಕ್ಷತೆಯನ್ನು ಹೇಳುವುದೇ ಹೊರತು ಡಬ್ಬಿಯ ರಕ್ಷಣೆಯ ಏರ್ಪಾಡನ್ನಾಗಲಿ ಬಾಳಿಕೆಯನ್ನಾಗಲಿ ಹೇಳುವುದಿಲ್ಲ. ಆ ಪರೀಕ್ಷೆ ನಡೆಯುವುದು ತಂಪಾದ ಕೋಣೆಯಲ್ಲಿ. ನಮ್ಮ ಎಪ್ರಿಲ್ ತಿಂಗಳ ಮಧ್ಯಾಹ್ನ, ಶೀಟು ಹೊದಿಸಿದ ಮಾಡಿನ ಕೆಳಗೆ, ಸ್ಥಿತಿ ಬೇರೆ. ಆದುದರಿಂದ ಪೂರ್ಣ ಸಾಮರ್ಥ್ಯವನ್ನು 40 ಅಥವಾ 50 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೊಡುವುದೆಂದು ತಯಾರಕರು ಹೇಳಿರುವರೇ ಎಂದು ವಿಚಾರಿಸುವುದು ಉಚಿತ. ನಮ್ಮ ಅಭಿಪ್ರಾಯದಲ್ಲಿ ಸಾಮಾನ್ಯ ಮನೆಗೆ ಕಂಚಿನ ದರ್ಜೆಯೇ ಸಾಕು. ಚಿನ್ನಕ್ಕೆ ಕೊಡುವ ಹೆಚ್ಚಿನ ಹಣವು ಬಿಲ್ಲಿನ ಉಳಿತಾಯದಿಂದ ಹಿಂದಿರುಗಲು ಬಹುಕಾಲ ಬೇಕು. ವಾರಂಟಿಯ ವರ್ಷಗಳನ್ನು ಮಾತ್ರ ಅವಶ್ಯ ನೋಡಬೇಕು. ಒಂದು ವರ್ಷದ ಭರವಸೆಯನ್ನೂ ಕೊಡಲು ಹಿಂಜರಿಯುವ ತಯಾರಕನಿಗೆ ತನ್ನ ವಸ್ತುವಿನಲ್ಲಿ ಎಷ್ಟು ನಂಬಿಕೆಯಿದ್ದೀತು? ಐದು ವರ್ಷ ಕೊಡುವವರೂ ಇದ್ದಾರೆ. ಬಿಐಎಸ್ ನೋಂದಣಿಯ ಗುರುತೂ ಅದರ ಬಳಿ 'ಆರ್' ಅಕ್ಷರದಿಂದ ಮೊದಲಾಗುವ ಅಂಕೆಯೂ ಚೀಟಿಯಲ್ಲಿ ಇವೆಯೇ ಎಂದೂ ನೋಡಿರಿ.

ತಂತಿಗಳ ವಿಚಾರದಲ್ಲಿ ನಮಗೆ ಪಾಠ ಕಲಿಸಿದುದು ಆ ಕರಗಿದ ಅಡಾಪ್ಟರು. ಕಾರ್ಡಿಗೆ ಹೋಗುವ ಆರು ಪಿನ್ನಿನ ಕನೆಕ್ಟರು 75 ವ್ಯಾಟನ್ನೂ ಎಂಟು ಪಿನ್ನಿನದು 150 ವ್ಯಾಟನ್ನೂ ಸಾಗಿಸಲೆಂದು ಮಾಡಿದುವು. ಡಿಸ್ಕುಗಳಿಗೆ ಹೋಗುವ ಸಾಟಾ ಕನೆಕ್ಟರಿನಲ್ಲಿ 12 ವೋಲ್ಟಿಗೆಂದು ಇರುವುದು ಮೂರು ಪಿನ್ನುಗಳು. ಒಂದೊಂದರ ಮಿತಿ ಒಂದೂವರೆ ಆಂಪಿಯರ್. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟು. ಅಂಥದರಿಂದ 150 ವ್ಯಾಟಿನ ಕನೆಕ್ಟರನ್ನು ಹೊರಡಿಸುವುದೆಂದರೆ ಅರ್ಧ ಇಂಚಿನ ಪೈಪಿಗೆ ಎರಡಿಂಚಿನ ಪೈಪನ್ನು ಜೋಡಿಸಿದಂತೆ. ಇಲ್ಲಿ ನೀರು ಬರುವುದು ಕಡಿಮೆಯಾಗುವುದಿಲ್ಲ, ಪೈಪೇ ಕರಗುವುದು. ಡಬ್ಬಿಯಿಂದ ನೇರವಾಗಿ ಹೊರಟ ಎಂಟು ಪಿನ್ನಿನ ತಂತಿಯಿಲ್ಲದಿದ್ದರೆ ಆ ಡಬ್ಬಿಯು ಆ ಕಾರ್ಡಿಗೆ ತಕ್ಕುದಲ್ಲವೆಂದೇ ತಿಳಿಯಬೇಕು. ಕಳಚಿ ಜೋಡಿಸಬಹುದಾದ ತಂತಿಗಳ ಡಬ್ಬಿಗಳೂ ಉಂಟು. ಒಂದು ಡಬ್ಬಿಯ ತಂತಿಯನ್ನು ಮತ್ತೊಂದಕ್ಕೆ ಸಿಕ್ಕಿಸಬಾರದು. ಕಾರ್ಡಿನ ಕಡೆಯ ತುದಿ ಎಲ್ಲರದೂ ಒಂದೇ ಬಗೆಯಾದರೂ ಡಬ್ಬಿಯ ಕಡೆಯ ತುದಿಯ ಕ್ರಮವನ್ನು ಒಬ್ಬೊಬ್ಬ ತಯಾರಕನು ಒಂದೊಂದು ಬಗೆಯಾಗಿ ಇಟ್ಟಿರುವನು. ಸಲೀಸಾಗಿ ಸಿಕ್ಕಿಕೊಂಡರೂ 5 ವೋಲ್ಟು ಹೋಗಬೇಕಾದಲ್ಲಿ 12 ಹೋಗಿ ಡಿಸ್ಕು ಸುಡಬಹುದು.

ಕಚೇರಿಗಳಿಂದ ಹಳೆಯದಾಗಿ ಕೊಂಡ ಗಣಕಗಳಲ್ಲಿ ಮತ್ತೊಂದು ತೊಡಕಿದೆ. ಸಾಮಾನ್ಯವಾದ ಮದರ್‌ಬೋರ್ಡಿಗೆ 24 ಪಿನ್ನುಗಳ ದೊಡ್ಡ ಕನೆಕ್ಟರು ಹೋಗುತ್ತದೆ. ದೊಡ್ಡ ಕಂಪನಿಗಳ ಕೆಲವು ಕಚೇರಿ ಗಣಕಗಳಲ್ಲಿ ಅದರ ಬದಲು ಅವರದೇ ಆದ ಎಂಟು ಅಥವಾ ಆರು ಪಿನ್ನುಗಳ ವ್ಯವಸ್ಥೆಯಿರುವುದು. ಡಬ್ಬಿಯ ಆಕಾರವೂ ಬೇರೆ. ಆದುದರಿಂದ ಅಂಗಡಿಗೆ ಹೋಗುವ ಮೊದಲು ಪೆಟ್ಟಿಗೆಯ ಪಕ್ಕದ ಹಾಳೆಯನ್ನು ತೆಗೆದು, ಒಳಗಿನ ಕನೆಕ್ಟರುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗುವುದು ಉತ್ತಮ. ಡಬ್ಬಿಯ ಉದ್ದವನ್ನೂ ಅಳೆದುಕೊಳ್ಳಿರಿ.

ಇನ್ನು ಮನೆಯ ವಿದ್ಯುತ್ತಿನ ವಿಚಾರ. ಬೇಸಿಗೆಯಲ್ಲಿ ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ತಿರುಗುವಾಗ ನಮ್ಮ ಹಳ್ಳಿಗಳಲ್ಲಿ ವೋಲ್ಟೇಜು ಇಳಿಯುವುದು ಎಲ್ಲರಿಗೂ ಗೊತ್ತು. ಚೀಟಿಯಲ್ಲಿ '100–240' ಎಂದಿರುವ ಡಬ್ಬಿಯು ಇಂಥ ಇಳಿತವನ್ನು ತಾನೇ ತಾಳಿಕೊಳ್ಳುವುದು. ಹಳೆಯ ಕೆಲವು ಡಬ್ಬಿಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಚಿಕ್ಕ ಕೆಂಪು ಸ್ವಿಚ್ಚಿರುತ್ತದೆ. ಕುತೂಹಲದಿಂದ ಅದನ್ನು 115ರ ಕಡೆಗೆ ಸರಿಸಿ ನಮ್ಮ 230 ವೋಲ್ಟನ್ನು ಕೊಟ್ಟರೆ ದೊಡ್ಡ ಸದ್ದಿನೊಂದಿಗೆ ಡಬ್ಬಿಯ ಆಯುಷ್ಯ ಮುಗಿಯುವುದು. ಕಿರಿಯರು ಇದನ್ನು ಮುಟ್ಟಬಾರದು.

ಪೆಟ್ಟಿಗೆಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದೆಂದು ಅನೇಕ ವಿದ್ಯಾರ್ಥಿಗಳು ಹೇಳುವುದುಂಟು. ಡಬ್ಬಿಯೊಳಗೆ ವಿದ್ಯುತ್ತಿನ ಕಲ್ಮಶವನ್ನು ಭೂಮಿಗೆ ಸಾಗಿಸುವ ಚಿಕ್ಕ ಕೆಪಾಸಿಟರುಗಳಿವೆ. ಪ್ಲಗ್ಗಿನ ಮೂರನೆಯ ಪಿನ್ನಿಗೆ ಅರ್ಥಿಂಗ್ ಇಲ್ಲದಿದ್ದಾಗ ಆ ಅಲ್ಪ ಪ್ರವಾಹವು ಪೆಟ್ಟಿಗೆಯ ಲೋಹದಲ್ಲಿ ನಿಲ್ಲುವುದು. ಇದು ಪವರ್ ಸಪ್ಲೈಯ ದೋಷವಲ್ಲ, ಮನೆಯ ವಯರಿಂಗಿನ ದೋಷ. ಮುರಕಲ್ಲಿನ ನೆಲದಲ್ಲಿ ತೋಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗುವುದುಂಟು. ವಯರ್‌ಮನ್ನನ್ನು ಕರೆಸಿ ಸರಿಪಡಿಸಿದ ಮೇಲೆಯೇ ಹೊಸ ಡಬ್ಬಿಯನ್ನು ಹಾಕಿಸಬೇಕು. ಮೂರನೆಯ ಪಿನ್ನನ್ನು ಮುರಿದು ಎರಡು ಪಿನ್ನಿನ ಪ್ಲಗ್ಗಿಗೆ ಸಿಕ್ಕಿಸುವ ದುರಭ್ಯಾಸ ಎಲ್ಲಿಯೂ ಕೂಡದು. ಯುಪಿಎಸ್ ಇರುವವರು ಅದರ ಚೀಟಿಯನ್ನೂ ಓದಿಕೊಳ್ಳಲಿ. 600 ವಿಎ ಎಂದು ದೊಡ್ಡದಾಗಿ ಬರೆದ ಸಾಮಾನ್ಯ ಯುಪಿಎಸ್ ಕೊಡುವುದು 360 ವ್ಯಾಟು ಮಾತ್ರ. ಗಣಕದ 312 ವ್ಯಾಟಿಗೆ ಮಾನಿಟರಿನದನ್ನು ಸೇರಿಸಿದಾಗ ಅದು ಅಂಚಿಗೆ ಬಂದು ನಿಲ್ಲುವುದು.

ಡಬ್ಬಿಯನ್ನು ಬಿಚ್ಚಿ ಒಳಗೆ ನೋಡುವ ಆಸೆ ಜಾಣ ಹುಡುಗರಿಗೆ ಸಹಜ. ಗಣಕದ ಬೇರೆ ಯಾವ ಭಾಗವನ್ನಾದರೂ, ಪ್ಲಗ್ಗನ್ನು ಕಿತ್ತ ಮೇಲೆ, ಬಿಚ್ಚಿ ನೋಡಲಿ, ಇದೊಂದನ್ನು ಬಿಚ್ಚಬಾರದು. ಮೇಲೆ ಹೇಳಿದ 325 ವೋಲ್ಟನ್ನು, ಹೊಸ ಬಗೆಯ ಡಬ್ಬಿಗಳಲ್ಲಿ 400ರ ಸಮೀಪದಷ್ಟನ್ನು, ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರೊಂದು ಅದರೊಳಗಿದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು. ಕೆಟ್ಟ ಡಬ್ಬಿಯ ಫ್ಯಾನನ್ನು ಬದಲಿಸಹೊರಟವರಿಗೂ ಈ ಮಾತು ಅನ್ವಯಿಸುತ್ತದೆ.

ಹೊಸ ಡಬ್ಬಿಯನ್ನು ಜೋಡಿಸಿದ ಮೇಲೆ ಬಯೋಸ್ ಎಂಬ ಮೊದಲ ಪರದೆಯಲ್ಲಿ ಅನೇಕ ಮದರ್‌ಬೋರ್ಡುಗಳು ವೋಲ್ಟುಗಳನ್ನು ತೋರಿಸುತ್ತವೆ. ನಿಯಮದ ಪ್ರಕಾರ ನೂರಕ್ಕೆ 5ರ ವ್ಯತ್ಯಾಸಕ್ಕೆ ಅವಕಾಶವಿದೆ. 12 ವೋಲ್ಟು 11.4ರಿಂದ 12.6ರೊಳಗೆ ಇರಬೇಕು. ಆಮೇಲೆ ಕಾರ್ಡಿಗೆ ಭಾರವಾದ ಕೆಲಸವನ್ನು ಕೊಟ್ಟು ಅರ್ಧ ಗಂಟೆ ಹತ್ತಿರದಲ್ಲಿಯೇ ಕುಳಿತಿರಿ. ವಾಸನೆ ಬಂದರೆ, ಗಣಕವು ತಾನಾಗಿ ಆರಿದರೆ, ಪ್ಲಗ್ಗನ್ನು ಕಿತ್ತು ಅಂಗಡಿಗೆ ಹಿಂದಿರುಗಿಸಿರಿ. ಬಿಲ್ಲನ್ನು ಅದಕ್ಕಾಗಿಯೇ ಜೋಪಾನ ಮಾಡಿಟ್ಟಿರಬೇಕು. ತುಲಾಮಾಸದ ಮಧ್ಯಾಹ್ನಗಳಲ್ಲಿ ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ, ಗೋಡೆಯ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡುವುದು ಅಗತ್ಯ. ಸಿಡಿಲಿನ ಎದುರಿಗೆ ಚಿನ್ನದ ದರ್ಜೆಯೂ ಕಂಚಿನ ದರ್ಜೆಯೂ ಒಂದೇ.

ನಮ್ಮ ಅಳಿಯನ ಗಣಕಕ್ಕೆ ಆಮೇಲೆ 45 ಆಂಪಿಯರಿನ 550 ವ್ಯಾಟಿನ ಡಬ್ಬಿಯನ್ನು ತಂದೆವು. ಅದೃಷ್ಟವಶಾತ್ ಕಾರ್ಡು ಉಳಿದಿತ್ತು. ಹಳೆಯ ಮದರ್‌ಬೋರ್ಡು ಇನ್ನೊಂದು ಸಿಕ್ಕಿತು. ಈ ಸಲ ಅಂಗಡಿಯಲ್ಲಿ ಚೀಟಿಯನ್ನು ಓದಿದವನು ಅವನೇ. ಆಮೆಯ ಕಥೆಯನ್ನು ಮೊದಲಿನಿಂದ ಮಾಡತೊಡಗಿ, ಪ್ರತಿ ರಾತ್ರಿ ಪೆನ್‌ಡ್ರೈವಿನಲ್ಲಿ ಒಂದು ಪ್ರತಿಯನ್ನು ತೆಗೆದು ನಮ್ಮ ಮೇಜಿನ ಡ್ರಾಯರಿನಲ್ಲಿ ತಂದಿಡುತ್ತಿದ್ದನು.